ಸೀಕೋ ಡೈವ್ ವಾಚ್: ಹಳೆಯದಾ, ಹೊಸದಾ?

ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದ ತುಮಕೂರಿನಲ್ಲಿ ಕೀ ಕೊಡುವ ವಾಚು ಯಾರಿಗೂ ಹೊಸದಲ್ಲ. ಆದರೆ ನೀರಿನಾಳಕ್ಕೆ ಇಳಿಯುವವರಿಗಾಗಿ ಜಪಾನಿನ ಸೀಕೋ ಮಾಡಿದ ಹಳೆಯ ವಾಚು ಎಸ್‌ಕೆಎಕ್ಸ್007ಕ್ಕೆ ಕೀ ಕೊಡಲು ಆಗುವುದಿಲ್ಲ, ಕಟ್ಟಿದ ಕೈಯ ಅಲುಗಾಟದಿಂದಲೇ ಓಡುತ್ತದೆ. ಎರಡು ದಿನ ಬಿಚ್ಚಿಟ್ಟರೆ ನಿಂತುಬಿಡುತ್ತದೆ, ಅಲ್ಲಾಡಿಸಿಯೇ ಎಬ್ಬಿಸಬೇಕು.

2019ರಲ್ಲಿ ಬಂದ ಸೀಕೋ 5 ಸ್ಪೋರ್ಟ್ಸ್ ಎಸ್‌ಆರ್‌ಪಿಡಿ55 ನೋಡಲು ಹೆಚ್ಚುಕಮ್ಮಿ ಅದೇ. ಒಳಗೆ ಮಾತ್ರ 4ಆರ್36 ಯಂತ್ರ. ಕೀ ಕೊಡಬಹುದು. ಕ್ರೌನ್ (ಪಕ್ಕದ ತಿರುಗಿಸುವ ಗುಬ್ಬಿ) ಎಳೆದರೆ ಸೆಕೆಂಡ್ ಮುಳ್ಳು ಟಕ್ಕನೆ ನಿಲ್ಲುತ್ತದೆ, ಮೊಬೈಲ್ ನೋಡಿ ಸೆಕೆಂಡ್ ಸಮೇತ ಟೈಮ್ ಕೂರಿಸಬಹುದು. ನನಗೆ ಇದೇ ತುಂಬಾ ಇಷ್ಟ.

ನೀರು ತಡೆಯುವುದರಲ್ಲಿ ಹಳೆಯದು 200 ಮೀಟರ್, ತಿರುಪಿ ಮುಚ್ಚುವ ಕ್ರೌನ್. ಹೊಸದು 100 ಮೀಟರ್, ತಿರುಪು ಇಲ್ಲ. ದೇವರಾಯನದುರ್ಗದ ಮಳೆಗೆ ಅಷ್ಟು ಸಾಕು, ಅಲ್ವಾ? ಸಮುದ್ರದಾಳಕ್ಕೆ ಇಳಿಯುವವರು ಹಳೆಯದನ್ನು ಹುಡುಕಿ. ಈಗ ಸೆಕೆಂಡ್‌ಹ್ಯಾಂಡೇ ಜಾಸ್ತಿ ಸಿಗುವುದು, ನೀರು ನುಗ್ಗದಂತಿದೆಯಾ ಎಂದು ಪರೀಕ್ಷೆ ಮಾಡಿಸಿ. ದಿನಾ ಕಟ್ಟಲು ನಾನು ಹೊಸದನ್ನೇ ಹೇಳುತ್ತೇನೆ.