ಒಂಬತ್ತನೇ ತರಗತಿಯ ಪ್ರಬಂಧಕ್ಕೆ ಡಾಕ್ಸೋ, ವರ್ಡೋ, ಈಥರ್‌ಪ್ಯಾಡೋ?

ಗೂಗಲ್ ಡಾಕ್ಸ್, ಬ್ರೌಸರಿನಲ್ಲೇ ತೆರೆಯುವ ಮೈಕ್ರೋಸಾಫ್ಟ್ ವರ್ಡ್, ಹಲವರು ಒಟ್ಟಿಗೆ ಬರೆಯುವ ಆನ್‌ಲೈನ್ ಹಾಳೆಯಾದ ಈಥರ್‌ಪ್ಯಾಡ್. ಈ ಮೂರನ್ನೂ ನನ್ನ ಕನ್ನಡ ತರಗತಿಯಲ್ಲಿ ಬಳಸಿ ನೋಡಿದ್ದೇನೆ. ನಮ್ಮದು ಉಡುಪಿಯ ಒಂದು ಪ್ರೌಢಶಾಲೆ, ಮಲ್ಪೆ ಮೀನುಗಾರಿಕಾ ಬಂದರಿನ ಕಡೆಯ ಮಕ್ಕಳು ಜಾಸ್ತಿ. ಮೂರಕ್ಕೂ ಕೊಟ್ಟ ವಿಷಯ ಒಂದೇ: ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಿಂದ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯದ ದಿನಗಳಲ್ಲಿ ಮನೆ ಹೇಗೆ ನಡೆಯುತ್ತದೆ? ಪುಟ ಚಂದ ಕಾಣಬೇಕೆಂಬ ಹಟ ನನಗಿಲ್ಲ. ಮಕ್ಕಳು ಬರೆದದ್ದನ್ನು ಮತ್ತೆ ತಿದ್ದಬೇಕು, ಯಾರು ಏನು ತಿದ್ದಿದರೆಂದು ನನಗೆ ತಿಳಿಯಬೇಕು, ಅಷ್ಟೆ.

ಶುರು ಮಾಡಲು ಈಥರ್‌ಪ್ಯಾಡಿನಷ್ಟು ಸಲೀಸು ಯಾವುದೂ ಇಲ್ಲ. ಖಾತೆ ಬೇಡ, ಪಾಸ್‌ವರ್ಡ್ ಮರೆತ ಗಲಾಟೆ ಇಲ್ಲ, ಲಿಂಕನ್ನು ಬೋರ್ಡಿನ ಮೇಲೆ ಬರೆದರಾಯಿತು. ಒಬ್ಬೊಬ್ಬರ ಅಕ್ಷರಕ್ಕೆ ಒಂದೊಂದು ಬಣ್ಣ. ಹಿಂದಿನ ಬೆಂಚಿನವರೂ ತಮ್ಮ ಬಣ್ಣ ಕಾಣಲಿ ಎಂದು ಒಂದು ಸಾಲಾದರೂ ಬರೆಯುತ್ತಾರೆ. ಯಾರಾದರೂ ಕೀಟಲೆಗೆ ಎಲ್ಲ ಅಳಿಸಿದರೆ ಸಮಯದ ಪಟ್ಟಿಯನ್ನು ಹಿಂದಕ್ಕೆಳೆದು ಹಳೆಯದನ್ನು ವಾಪಸು ತರಬಹುದು. ಆದರೆ ಪೂರ್ತಿ ಪ್ರಬಂಧಕ್ಕೆ ಇದು ಸಾಲದು. ಪೀರಿಯಡ್‌ನ ಮೊದಲ ಹತ್ತು ನಿಮಿಷ ಎಲ್ಲರ ಮಾತು ಕಲೆಹಾಕಲು ಮಾತ್ರ ಈಗಲೂ ಅದನ್ನೇ ತೆರೆಯುತ್ತೇನೆ.

ವರ್ಡ್‌ನ ಬಲ ಇರುವುದು ಮುದ್ರಣದಲ್ಲಿ. ಶಾಲಾ ಸಂಚಿಕೆಯ ಪುಟವನ್ನು ಲ್ಯಾಬಿನ ಕಂಪ್ಯೂಟರಿನ ವರ್ಡ್‌ನಲ್ಲಿ ತೆರೆದರೂ ಅಂಚು, ಕೋಷ್ಟಕ ಕದಲುವುದಿಲ್ಲ. ತಿದ್ದುಪಡಿಯ ಗುರುತು ಅದರಲ್ಲೂ ಉಂಟು. ಆದರೆ ಬ್ರೌಸರಿನ ವರ್ಡ್‌ಗೆ ನೆಟ್ ಇರಲೇಬೇಕು, ನಮ್ಮಲ್ಲಿ ಆಷಾಢದ ಮಳೆಗೆ ಕರೆಂಟ್ ಹೋದರೆ ನೆಟ್ಟೂ ಅದರ ಹಿಂದೆಯೇ ಹೋಗುತ್ತದೆ. ಡಾಕ್ಸ್‌ನಲ್ಲಿ ಆಫ್‌ಲೈನ್ ಸೌಲಭ್ಯವನ್ನು ಮೊದಲೇ ಚಾಲೂ ಮಾಡಿಟ್ಟರೆ, ಬ್ಯಾಟರಿ ಇರುವಷ್ಟು ಹೊತ್ತು ಬರೆಯಬಹುದು.

ತಿದ್ದುವ ಪಾಠಕ್ಕೆ ನನ್ನ ಮತ ಡಾಕ್ಸ್‌ಗೇ. ಲಿಂಕಿನ ಕೊನೆಯಲ್ಲಿರುವ ‘edit’ ಎಂಬುದನ್ನೂ ಅದರ ಮುಂದಿನದನ್ನೂ ಅಳಿಸಿ ‘copy’ ಎಂದು ಹಾಕಿ ಕಳಿಸಿದರೆ ಪ್ರತಿ ಮಗುವಿಗೂ ತನ್ನದೇ ಪ್ರತಿ ಸಿಗುತ್ತದೆ. ಪಕ್ಕದವರ ಪ್ರಬಂಧಕ್ಕೆ ಮಕ್ಕಳಿಗೆ ಕಾಮೆಂಟ್ ಮಾಡುವ ಅನುಮತಿ ಮಾತ್ರ ಕೊಡುತ್ತೇನೆ. ಆಗ ಅವರು ಸಲಹೆ ಕೊಡಬಹುದು, ಮೂಲ ಬರಹ ಹಾಗೇ ಇರುತ್ತದೆ. ನಾನೇ ಸಲಹೆ ಹಾಕಿದರೆ ಮಾತ್ರ ಒಂದು ತೊಂದರೆ: ಓದದೆಯೇ ಎಲ್ಲದಕ್ಕೂ ‘ಸರಿ’ ಗುರುತು ಒತ್ತಿಬಿಡುತ್ತಾರೆ. ಹಾಗಾಗಿ ತಿದ್ದಿ ಕೊಡುವುದನ್ನೇ ಬಿಟ್ಟು ಪ್ರಶ್ನೆ ಕೇಳುತ್ತೇನೆ. ‘ಸಾಲ ಮಾಡುತ್ತಾರೆ’ ಎಂದು ಬರೆದ ಹುಡುಗಿಗೆ ‘ಯಾರ ಹತ್ತಿರ? ತೀರಿಸುವುದು ಯಾವಾಗ?’ ಎಂದು ಕಾಮೆಂಟ್ ಹಾಕಿದೆ. ಮರುದಿನ ಆ ಒಂದು ಸಾಲು ಇಡೀ ಪ್ಯಾರಾ ಆಗಿತ್ತು. ಒಣಮೀನು ಮಾರುವ ಅವಳ ಅಜ್ಜಿ, ಸ್ವಸಹಾಯ ಸಂಘದ ವಾರದ ಕಂತು, ಆಗಸ್ಟಿನ ಮೊದಲ ಮೀನು, ಎಲ್ಲ ಬಂದಿದ್ದವು.

ಡಾಕ್ಸ್‌ನ ವರ್ಷನ್ ಹಿಸ್ಟರಿ, ಅಂದರೆ ಬರಹದ ಹಳೆಯ ರೂಪಗಳ ಪಟ್ಟಿ, ತೆರೆದರೆ ಆ ಪ್ಯಾರಾ ಹಂತ ಹಂತವಾಗಿ ಬೆಳೆದದ್ದು ಕಾಣುತ್ತದೆ. ಎಲ್ಲಿಂದಲೋ ತಂದು ಅಂಟಿಸಿದ್ದಾದರೆ ಇಡೀ ಪ್ಯಾರಾ ಒಂದೇ ಏಟಿಗೆ ಪ್ರತ್ಯಕ್ಷ. ಅದಕ್ಕಾಗಿ ನಾನು ಬೈಯುವುದಿಲ್ಲ, ‘ಇದನ್ನು ನಿನ್ನ ಮಾತಲ್ಲಿ ಹೇಳು ಮಾರಾಯ’ ಎಂದು ಒಂದು ಕಾಮೆಂಟ್, ಅಷ್ಟೇ.

ಟೈಪಿಂಗ್ ಬೇಸರವೆಂದು ಕೆಲವರು ಫೋನಿನ ಕೀಬೋರ್ಡಿನ ಮೈಕಿಗೆ ಹೇಳಿ ಬರೆಸುತ್ತಾರೆ. ಮೂರರಲ್ಲೂ ಅದು ನಡೆಯುತ್ತದೆ, ಮೂರರಲ್ಲೂ ಪೂರ್ಣವಿರಾಮ ನಾಪತ್ತೆ. ಬೂತಾಯಿ ಎಂದರೆ ನಮ್ಮ ಕಡೆಯ ಒಂದು ಮೀನು; ‘ಬೂತಾಯಿ ಸಿಗಲಿಲ್ಲ’ ಎಂದದ್ದು ‘ಭೂತಾಯಿ ಸಿಗಲಿಲ್ಲ’ ಆಗಿ ತರಗತಿ ಬಿದ್ದು ಬಿದ್ದು ನಕ್ಕಿತ್ತು. ಆ ಚಿಹ್ನೆಯಿಲ್ಲದ ಬರಹವನ್ನೇ ಲೇಖನ ಚಿಹ್ನೆಗಳ ಅಭ್ಯಾಸಕ್ಕೆ ಬಳಸುತ್ತೇನೆ.

ಇನ್ನು ಹಳೆಯ ನುಡಿ ಫಾಂಟಿನ ಪ್ರಶ್ನೆಪತ್ರಿಕೆಗಳಿದ್ದರೆ ಅವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ನೇರವಾಗಿ ಅಂಟಿಸಿದರೆ ಕನ್ನಡದ ಬದಲು ಅರ್ಥವಾಗದ ಅಕ್ಷರಗಳು ಕಾಣಬಹುದು.