ಫೋಯಾ ಅರ್ಜಿ: ಐದಕ್ಕೆ ಮೂರು ಸ್ಟಾರ್, ಅದರಲ್ಲಿ ಒಂದು ವರ್ಮಾಂಟಿನ ಸೆನೆಟರ್‌ಗೆ

ಅಮೆರಿಕದಲ್ಲಿ ಮನೆ ಬದಲಾಯಿಸುವಾಗ ನನ್ನ ಹಳೇ ಕಾಗದಪತ್ರದ ಡಬ್ಬ ಒಂದು ಎಲ್ಲೋ ಹೋಯಿತು. ಸರ್ಕಾರದ ಹತ್ತಿರ ಕಾಪಿ ಇರುತ್ತಲ್ಲ, ಫೋಯಾ ಹಾಕು ಅಂದ ಗೆಳೆಯ. ಫೋಯಾ (ಫ್ರೀಡಂ ಆಫ್ ಇನ್ಫರ್ಮೇಶನ್ ಆ್ಯಕ್ಟ್) ಅಂದರೆ ನಮ್ಮ ಆರ್‌ಟಿಐಗೆ ಇಲ್ಲಿನ ಅಣ್ಣ, 1966ರ ಕಾನೂನು.

ಅರ್ಜಿ ಹಾಕೋದು ನಿಜಕ್ಕೂ ಸಲೀಸು. ಇಲ್ಲಿನ ಸಿಟಿಜನ್ ಆಗಿರಬೇಕು ಅಂತಿಲ್ಲ, ಯಾಕೆ ಬೇಕು ಅಂತ ಹೇಳಬೇಕಿಲ್ಲ, ನಮ್ಮಂಥ ಸಾಮಾನ್ಯರಿಗೆ ಮೊದಲ 100 ಪುಟ ಮತ್ತು ಎರಡು ಗಂಟೆ ಹುಡುಕಾಟ ಪುಕ್ಕಟೆ. ಊರಲ್ಲಿ ಒಂದ್ಸಲ ಆರ್‌ಟಿಐ ಹಾಕಲು ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಿಡಿದು ಹೋಗಿದ್ದಾಗ ಗುಮಾಸ್ತರು ಮೊದಲು ಕೇಳಿದ್ದೇ "ಇದೆಲ್ಲ ನಿಮಗ್ಯಾಕ್ರೀ?" ಅಂತ. ಕಾನೂನಿನ ಪ್ರಕಾರ ಅಲ್ಲೂ ಕೇಳೋ ಹಾಗಿಲ್ಲ, ಅದು ಬೇರೆ ಮಾತು.

ಎಲ್ಲ ಇಲಾಖೆಗೂ ಒಂದೇ ವೆಬ್‌ಸೈಟಿನಿಂದ ಅರ್ಜಿ ಹಾಕಬಹುದು. ಇದು 2016ರ ತಿದ್ದುಪಡಿಯಿಂದ ಬಂದದ್ದು. ಹತ್ತು ದಿನಕ್ಕಿಂತ ಜಾಸ್ತಿ ಹಿಡಿಯುವ ಅರ್ಜಿಗೆ ಟ್ರ್ಯಾಕಿಂಗ್ ನಂಬರ್ ಕೊಡಲೇಬೇಕು ಅನ್ನೋದು 2007ರ ಕಾನೂನು. ಎರಡರ ಹಿಂದೆಯೂ ಇದ್ದವರು ವರ್ಮಾಂಟ್ ರಾಜ್ಯದ ಸೆನೆಟರ್ ಪ್ಯಾಟ್ರಿಕ್ ಲೇಹಿ, ಜೊತೆಗೆ ಎದುರು ಪಕ್ಷದ ಜಾನ್ ಕಾರ್ನಿನ್. ಲೇಹಿ ಮೊದಲು ಸರ್ಕಾರಿ ವಕೀಲರಾಗಿದ್ದವರು. 1975ರಿಂದ 2023ರ ಜನವರಿವರೆಗೆ, 48 ವರ್ಷ ಸೆನೆಟ್‌ನಲ್ಲಿ ಕೂತರು. ಅವರ ವಾದ ಸರಳ: ಸರ್ಕಾರದ ಕಡತ ಮೊದಲು ಜನರದ್ದು, ಮುಚ್ಚಿಡಬೇಕಾದರೆ ಕಾರಣ ಕೊಡುವ ಹೊಣೆ ಸರ್ಕಾರದ್ದು. 2016ರಲ್ಲಿ ಅದನ್ನು ಕಾನೂನಿಗೇ ಸೇರಿಸಿದರು. ಹೊರಗೆ ಬಂದರೆ ಏನೋ ಹಾನಿ ಆಗುತ್ತೆ ಅಂತ ಕಾಣುವಂತಿದ್ದರೆ, ಇಲ್ಲವೇ ಕೊಡಬಾರದು ಅಂತ ಕಾನೂನೇ ತಡೆದಿದ್ದರೆ ಮಾತ್ರ ಮುಚ್ಚಬಹುದು.

ಕಾಗದದ ಮೇಲೆ ಹೀಗೆ. ನನ್ನ ಅನುಭವಕ್ಕೆ ಬರ್ತೀನಿ, ಇಲಾಖೆ ಹೆಸರು ಬೇಡ.

ಗಡುವು 20 ಕೆಲಸದ ದಿನ. ನನಗೆ ಹಿಡಿದದ್ದು ಏಳು ತಿಂಗಳು. ಆರ್‌ಟಿಐನಲ್ಲಿ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಬಹುದು. ಇಲ್ಲಿ ಅಂಥದ್ದಿಲ್ಲ. ಜಾಸ್ತಿ ಅಂದ್ರೆ ಕೋರ್ಟಿಗೆ ಹೋಗಿ. ನನ್ನ ಹಳೇ ಕಾಗದಕ್ಕೆ ನಾನು ಫೆಡರಲ್ ಕೋರ್ಟಿಗೆ ಹೋಗಲಾ? ಒಂದು ಸ್ಟಾರ್ ಇಲ್ಲೇ ಹೋಯಿತು.

ಕೊನೆಗೆ ಪಿಡಿಎಫ್ ಬಂತು, ಮಧ್ಯೆ ಮಧ್ಯೆ ಕಪ್ಪು ಡಬ್ಬಿ. ಪ್ರತಿ ಡಬ್ಬಿಯ ಪಕ್ಕ ಯಾವ ವಿನಾಯಿತಿ (ಮುಚ್ಚಲು ಕಾನೂನು ಒಪ್ಪುವ ಕಾರಣ) ಅಂತ ನಂಬರ್ ಇರುತ್ತೆ, ಒಟ್ಟು ಒಂಬತ್ತು ವಿನಾಯಿತಿ. 41ನೇ ಪುಟದಲ್ಲಿ ಎರಡು ಸಾಲು ಕಪ್ಪು, ಪಕ್ಕದಲ್ಲಿ ಐದನೇ ವಿನಾಯಿತಿ, ಅಂದರೆ ಅಧಿಕಾರಿಗಳ ಒಳಗಿನ ಚರ್ಚೆ. ಏನೋ ದೊಡ್ಡ ಗುಟ್ಟು ಅಂದುಕೊಂಡೆ. 118ನೇ ಪುಟಕ್ಕೆ ಬಂದರೆ ಅದೇ ಟಿಪ್ಪಣಿ ಇನ್ನೊಂದ್ಸಲ, ಈ ಸಲ ಪೂರ್ತಿ ತೆರೆದಿದೆ! ಗುಟ್ಟು ಏನು ಗೊತ್ತಾ? ಅರ್ಜಿದಾರರ ವಿಳಾಸ ಬದಲಾದಂತಿದೆ, ಹೊಸ ವಿಳಾಸಕ್ಕೆ ಪತ್ರ ಕಳಿಸೋಣವೇ ಅಂತ. ಇದರಿಂದ ಯಾರಿಗೆ ಯಾವ ಹಾನಿ?

ಇನ್ನೊಂದು ಪುಟ ನನ್ನ ಜನನ ಪ್ರಮಾಣಕ್ಕೆ ಅಪ್ಪ ಬರೆದುಕೊಟ್ಟ ಅಫಿಡವಿಟ್. ಅವರ ಕನ್ನಡ ಸಹಿಯನ್ನು ಮುಚ್ಚಿದ್ದಾರೆ, ಆರನೇ ವಿನಾಯಿತಿ, ಬೇರೆಯವರ ಖಾಸಗಿತನ. ಫೋನಲ್ಲಿ ಹೇಳಿದೆ. "ನನ್ನ ಸಹಿ, ನೀನು ನನ್ನ ಮಗ, ಇವರು ಯಾರಿಗೆ ಕಾಣದ ಹಾಗೆ ಮುಚ್ಚಿದ್ದು?" ಅಂದರು. ಈ ವಿನಾಯಿತಿ ತಪ್ಪು ಅನ್ನಲ್ಲ. ಇಲ್ಲದಿದ್ದರೆ ನಾಳೆ ಯಾರೋ ನನ್ನ ಫೈಲ್ ಕೇಳಿ ತೆಗೆದುಕೊಂಡು ಹೋಗ್ತಾರೆ. ಖಾಸಗಿತನದ ವಿಷಯದಲ್ಲಿ ಲೇಹಿ ಕೂಡ ಗಟ್ಟಿ ಮನುಷ್ಯ, ಆದರೆ ಅವರ ಲೆಕ್ಕವೂ ಪೂರ್ತಿ ಶುದ್ಧ ಅಲ್ಲ. 1986ರಲ್ಲಿ ಅವರೇ ಮುಂದೆ ನಿಂತು ತಂದ ಕಾನೂನಿನಲ್ಲಿ 180 ದಿನ ದಾಟಿದ ಇಮೇಲನ್ನು ವಾರಂಟ್ ಇಲ್ಲದೆಯೂ ಪಡೆಯಲು ದಾರಿ ಇತ್ತು. ಆಮೇಲೆ ಅದನ್ನು ಸರಿಮಾಡಲು ವರ್ಷಗಟ್ಟಲೆ ಒದ್ದಾಡಿದರು.

ಅಂದಹಾಗೆ ಫೋಯಾ ಅಮೆರಿಕದ ಸಂಸತ್ತಿಗೆ ಅನ್ವಯಿಸುವುದೇ ಇಲ್ಲ, ಲೇಹಿ ಕೂತಿದ್ದ ಸೆನೆಟ್ಟೂ ಹೊರಗೆ. ನಮ್ಮಲ್ಲಿ ಸಂಸತ್ತಿಗೂ ಆರ್‌ಟಿಐ ಹಾಕಬಹುದು. ಇನ್ನೊಂದು ಸ್ಟಾರ್ ಇದಕ್ಕೆ ಕಟ್.

ಅಪೀಲಿಗೆ ಕನಿಷ್ಠ 90 ದಿನ ಕೊಡಬೇಕು, ಇದೂ 2016ರದ್ದೇ. 41ನೇ ಪುಟ ಹೇಗೂ ಸಿಕ್ಕಿದೆ, ಬಿಟ್ಟೆ. ಅಪ್ಪನ ಸಹಿಗೆ ಮಾತ್ರ ಅಪೀಲ್ ಹಾಕಿದ್ದೇನೆ. ಜೊತೆಗೆ ಅವರ ಒಪ್ಪಿಗೆ ಪತ್ರ ಇಟ್ಟಿದ್ದೇನೆ, ಕೆಳಗೆ ಅದೇ ಕನ್ನಡ ಸಹಿ.