ಫ್ಲ್ಯಾಟಿಗೆ ಕೂಡಿಟ್ಟ ದುಡ್ಡು: ಎಸ್‌ಬಿಯೋ, ಸ್ವೀಪೋ, ಸೊಸೈಟಿಯೋ?

ಕದ್ರಿಯಲ್ಲೋ ಮಣಿಪಾಲದಲ್ಲೋ 60 ಲಕ್ಷದ ರೆಡಿ ಫ್ಲ್ಯಾಟ್ ಎಂದಿಟ್ಟುಕೊಳ್ಳಿ. 30ರಿಂದ 75 ಲಕ್ಷದೊಳಗಿನ ಗೃಹಸಾಲಕ್ಕೆ ಬೆಲೆಯ ಶೇ 80ರ ಮಿತಿ ಇರುವುದರಿಂದ ಸಾಲ ಹೆಚ್ಚೆಂದರೆ 48 ಲಕ್ಷ. ಕೈಯಿಂದ 12 ಲಕ್ಷ. ಮುದ್ರಾಂಕ, ಸೆಸ್, ನೋಂದಣಿ ಸೇರಿ ಇನ್ನೂ ಶೇ 7.6, ಅಂದರೆ 4.56 ಲಕ್ಷ (2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೇ ಶೇ 2). ಈ ಹದಿನಾರೂವರೆ ಲಕ್ಷ ಒಂದೆರಡು ವರ್ಷ ಎಲ್ಲಿರಬೇಕು ಎಂಬುದೇ ಪ್ರಶ್ನೆ.

ಸಾದಾ ಎಸ್‌ಬಿ (ಉಳಿತಾಯ ಖಾತೆ) ಇದಕ್ಕೆ ಆಗದು. ಬಡ್ಡಿ ಶೇ 2.5 ಎಂದರೆ ವರ್ಷಕ್ಕೆ ಸುಮಾರು 41 ಸಾವಿರ. ಶೇ 6ರ ಎಫ್‌ಡಿಯಲ್ಲಿ (ನಿಶ್ಚಿತ ಠೇವಣಿ) 99 ಸಾವಿರ.

ಆಟೋ ಸ್ವೀಪ್ ಖಾತೆ ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ. ನಿಗದಿತ ಮೊತ್ತ ದಾಟಿದ ಹಣ ತಾನಾಗಿ ಎಫ್‌ಡಿ ಆಗುತ್ತದೆ, ಚೆಕ್ ಬಂದಾಗ ಬೇಕಾದಷ್ಟೇ ಮುರಿಯುತ್ತದೆ. ಆದರೆ ತೆರೆಯುವ ಮೊದಲು ಕೌಂಟರಿನಲ್ಲಿ ಕೇಳಿ: ಮುರಿಯುವುದು ಎಷ್ಟರ ತುಂಡಿನಲ್ಲಿ? ಮೊದಲು ಹಳೆಯ ಠೇವಣಿಯೋ, ಹೊಸದೋ? ಹೊಸದು ಮುರಿದರೆ ನಿಮಗೆ ಲಾಭ, ಹಳೆಯದರ ಬಡ್ಡಿ ಹಾಗೇ ಓಡುತ್ತಿರುತ್ತದೆ. ಅವಧಿಗೆ ಮೊದಲೇ ಮುರಿದರೆ ಬೀಳುವ ದಂಡದ ಬಗ್ಗೆ (ಶೇ 1 ಎಂದಿಟ್ಟುಕೊಳ್ಳಿ) ಹಲವರಿಗೆ ತಪ್ಪು ತಿಳಿವಳಿಕೆ ಇದೆ. ಶೇ 6.5ರ ಒಂದು ವರ್ಷದ ಎಫ್‌ಡಿಯನ್ನು ನಾಲ್ಕು ತಿಂಗಳಿಗೆ ಮುರಿದರೆ 6.5ರಲ್ಲಿ 1 ಕಳೆಯುವುದಲ್ಲ. ನಾಲ್ಕು ತಿಂಗಳ ದರ ಶೇ 5 ಇದ್ದರೆ ಅದರಲ್ಲಿ ಕಳೆದು ಶೇ 4 ಕೊಡುತ್ತಾರೆ.

ಸ್ವೀಪ್ ಬೇಡವೆಂದರೆ ಎಫ್‌ಡಿಯನ್ನು ಒಂದೇ ರಸೀದಿಯಲ್ಲಿ ಮಾಡಬೇಡಿ, ಎರಡೆರಡು ಲಕ್ಷದ ತುಂಡು ಮಾಡಿ. 'ತೆರಿಗೆ ಉಳಿತಾಯ' ಎಂದು ಹೇಳಿ ಕೊಡುವ ಎಫ್‌ಡಿಯನ್ನಂತೂ ಮುಟ್ಟಲೇಬೇಡಿ, ಐದು ವರ್ಷ ಬೀಗ. ಅಂಚೆ ಕಚೇರಿಯ ಒಂದು ವರ್ಷದ ಠೇವಣಿಯೂ ಆರು ತಿಂಗಳೊಳಗೆ ಕೈಗೆ ಬಾರದು. ಆಮೇಲೆ ವರ್ಷ ತುಂಬುವ ಮೊದಲು ತೆಗೆದರೆ ಉಳಿತಾಯ ಖಾತೆಯ ದರವಷ್ಟೇ. ಒಂದೇ ಬ್ಯಾಂಕಿನ ಎಫ್‌ಡಿ ಬಡ್ಡಿ ವರ್ಷಕ್ಕೆ 50 ಸಾವಿರ ದಾಟಿದರೆ ಶೇ 10 ಟಿಡಿಎಸ್ (ಬಡ್ಡಿ ಕೊಡುವಾಗಲೇ ಕಡಿತವಾಗುವ ತೆರಿಗೆ) ಹಿಡಿಯುತ್ತಾರೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ನಮ್ಮೂರಿನಲ್ಲಿ ಜನ ಎಡವುವುದು ವಿಮೆಯ ವಿಷಯದಲ್ಲಿ. ಬ್ಯಾಂಕ್ ಮುಳುಗಿದರೆ ಸಿಗುವ ಠೇವಣಿ ವಿಮೆ ಒಬ್ಬರಿಗೆ, ಒಂದು ಬ್ಯಾಂಕಿಗೆ, ಬಡ್ಡಿ ಸೇರಿ 5 ಲಕ್ಷ. ಶಾಖೆ ಎಷ್ಟಾದರೂ ಇರಲಿ, ಲೆಕ್ಕ ಒಂದೇ. ಹಿಂದೆ ಸಿಂಡಿಕೇಟ್ ಬ್ಯಾಂಕಿನಲ್ಲಿ ಐದು ಲಕ್ಷ, ಕೆನರಾದಲ್ಲಿ ಐದು ಲಕ್ಷ ಇಟ್ಟವರಿಗೆ ಎರಡೂ ಬೇರೆಯಾಗಿದ್ದವು. 2020ರ ಏಪ್ರಿಲ್ 1ರ ವಿಲೀನದ ನಂತರ ಅದು ಒಂದೇ ಬ್ಯಾಂಕ್. ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ನಿಗೆ, ವಿಜಯಾ ಬ್ಯಾಂಕ್ ಬರೋಡಾಕ್ಕೆ ಸೇರಿದ್ದೂ ಹೀಗೆಯೇ. ಗಂಡ-ಹೆಂಡತಿಯ ಜಂಟಿ ಖಾತೆಯನ್ನು ಮಾತ್ರ ಒಬ್ಬರ ಹೆಸರಿನ ಖಾತೆಯಿಂದ ಬೇರೆಯಾಗಿ ಎಣಿಸುತ್ತಾರೆ.

ಇನ್ನು ಪೇಟೆಯ ಬೀದಿಗೊಂದರಂತಿರುವ ಸೊಸೈಟಿಗಳು. ಬಡ್ಡಿಯ ಬೋರ್ಡು ಕಣ್ಣು ಕುಕ್ಕುತ್ತದೆ, ನಡೆಸುವವರು ಪರಿಚಯದವರೇ ಇರಬಹುದು. ಆದರೆ ಪತ್ತಿನ (ಸಾಲ ಕೊಡುವ) ಸಹಕಾರಿ ಸಂಘಕ್ಕೆ, ಸೌಹಾರ್ದ ಸಹಕಾರಿಗೆ ಈ ವಿಮೆ ಇಲ್ಲ. ಆರ್‌ಬಿಐ ಪರವಾನಗಿಯ ಸಹಕಾರಿ ಬ್ಯಾಂಕಿಗೆ ಇದೆ. ಹೆಸರಿನಲ್ಲಿ 'ಬ್ಯಾಂಕ್' ಇದೆಯೋ 'ಸಂಘ' ಇದೆಯೋ ಎಂದು ರಸೀದಿಯಲ್ಲೇ ಓದಿ. ಮದುವೆ ಖರ್ಚಿಗೋ ಚಿನ್ನಕ್ಕೋ ಸ್ವಲ್ಪ ಇಟ್ಟರೆ ಬೇರೆ ಮಾತು, ಕ್ರಯಪತ್ರದ ದುಡ್ಡು ಅಲ್ಲಿ ಬೇಡ.

ನೋಂದಣಿಗೆ ನಾಲ್ಕು ದಿನ ಮೊದಲೇ ಠೇವಣಿ ಮುರಿದು ಹಣವನ್ನು ಎಸ್‌ಬಿಗೆ ತನ್ನಿ. ಕಾವೇರಿ 2.0ರಲ್ಲಿ (ರಾಜ್ಯದ ಆಸ್ತಿ ನೋಂದಣಿ ಜಾಲತಾಣ) ಶುಲ್ಕ ಕಟ್ಟುವಾಗ ನೆಟ್‌ಬ್ಯಾಂಕಿಂಗಿನ ದಿನದ ಮಿತಿ ಅಡ್ಡ ಬಂದರೆ ನೋಂದಣಿಯೇ ತಡವಾದೀತು. ಮಾರುವವರ ಖಾತೆಯನ್ನೂ ಆಗಲೇ ನೆಟ್‌ಬ್ಯಾಂಕಿಂಗಿಗೆ ಸೇರಿಸಿ, ಸಣ್ಣ ಮೊತ್ತ ಕಳಿಸಿ ನೋಡಿ. ಅವರ ಹಳೆ ಪಾಸ್‌ಬುಕ್ಕಿನಲ್ಲಿ ಸಿಂಡಿಕೇಟಿನ ಐಎಫ್‌ಎಸ್‌ಸಿ (ಶಾಖೆಯ ಸಂಕೇತ) ಇದ್ದರೆ ಅದು ಈಗ ನಡೆಯುವುದಿಲ್ಲ.